ದೆವ್ವಕ್ಕೂ ಒಂದು ಹಟ ಇರಲಿ

"ಮಾತು ಬಿಟ್ಟ ಅಕ್ಕ-ತಮ್ಮ ಕ್ರಿಸ್‌ಮಸ್ ರಾತ್ರಿ ಒಂದಾಗುವ ದೆವ್ವದ ಕಥೆ ಬರೆಯುತ್ತಿದ್ದೇನೆ. ಓದಿದವರು ನಗಬೇಕು, ಹೆದರಬಾರದು. ಆದರೆ ನನ್ನ ದೆವ್ವ ಬರೀ ಉಪದೇಶ ಮಾಡುತ್ತಿದೆ. ಏನು ಮಾಡಲಿ? ಕೊನೆಗೆ ಅದಕ್ಕೆ ಮುಕ್ತಿ ಕೊಡಿಸಲೇಬೇಕಾ?" ಅಂತ ಕೇಳಿದ್ದೀರಿ.

ಮೊದಲು, ದೆವ್ವದ ಕೈಲಿ ರಾಜಿ ಪಂಚಾಯಿತಿ ಮಾಡಿಸುವುದನ್ನು ನಿಲ್ಲಿಸಿ. ಸತ್ತವರು ಎದ್ದು ಬಂದು "ಮಕ್ಕಳೇ, ಒಗ್ಗಟ್ಟಾಗಿರಿ" ಎಂದರೆ ಯಾರು ಕೇಳುತ್ತಾರೆ? ಬದುಕಿದ್ದಾಗ ಹೇಳಿದ್ದನ್ನೇ ಕೇಳಿರುವುದಿಲ್ಲ. ದೆವ್ವ ತನ್ನ ಸ್ವಂತ ಕೆಲಸಕ್ಕೆ ಬರಬೇಕು. ಆ ಕೆಲಸ ಚಿಕ್ಕದಿರಬೇಕು, ಹಟ ದೊಡ್ಡದಿರಬೇಕು. ಅದರ ಕಾಟ ತಾಳಲಾರದೆ ಮನೆಯವರು ಒಬ್ಬರ ಹತ್ತಿರ ಒಬ್ಬರು ಬಾಯಿ ಬಿಡುವ ಹಾಗಾಗಬೇಕು, ಅಷ್ಟೆ. ಇವರು ರಾಜಿಯಾದದ್ದು ದೆವ್ವಕ್ಕೆ ಗೊತ್ತೇ ಆಗದಿದ್ದರೂ ನಡೆಯುತ್ತದೆ. ನನ್ನನ್ನು ಕೇಳಿದರೆ ಹಾಗಿದ್ದರೇ ಚೆಂದ.

ಕ್ರಿಸ್‌ಮಸ್‌ಗೂ ದೆವ್ವಕ್ಕೂ ಎಲ್ಲಿಯ ನಂಟು ಅಂತ ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಭೂಮಿಯ ಉತ್ತರಾರ್ಧದಲ್ಲಿ ಡಿಸೆಂಬರ್ ಕೊನೆಯ ರಾತ್ರಿಗಳು ವರ್ಷದಲ್ಲೇ ಉದ್ದ. ಇಂಗ್ಲೆಂಡಿನಲ್ಲಿ ಅಂಥ ರಾತ್ರಿ ಬೆಂಕಿಯ ಸುತ್ತ ಕೂತು ದೆವ್ವದ ಕಥೆ ಹೇಳುವ ರೂಢಿ ಹಳೆಯದು. 1843ರ ಡಿಸೆಂಬರ್ 19ರಂದು ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಹೊರಬಂದಾಗ ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬ ಬರುವಷ್ಟರಲ್ಲಿ ಖರ್ಚಾಗಿದ್ದವು. ಅದನ್ನು ಎಲ್ಲರೂ ಜಿಪುಣನೊಬ್ಬ ಉದಾರಿಯಾದ ಕಥೆ ಅಂತ ನೆನಪಿಟ್ಟುಕೊಳ್ಳುತ್ತಾರೆ. ಅದರ ಒಳಗೆ ನಿಮ್ಮ ಕಥೆಯೂ ಇದೆ. ತೀರಿಹೋದ ತಂಗಿಯ ಮಗ ಹಬ್ಬದ ಊಟಕ್ಕೆ ಕರೆಯುತ್ತಾನೆ, ಸೋದರಮಾವನಾದ ಆ ಜಿಪುಣ ಸಿಡುಕಿ ಕಳಿಸುತ್ತಾನೆ. ಕೊನೆಯಲ್ಲಿ ಅದೇ ಮಾವ ಆ ಮನೆಯ ಬಾಗಿಲ ಮುಂದೆ ಹತ್ತಾರು ಸಲ ಹಾದುಹೋಗಿ, ಹೇಗೋ ಧೈರ್ಯ ತಂದುಕೊಂಡು ಬಾಗಿಲು ತಟ್ಟಿ, ಒಳಗೆ ಬರಲಾ ಅಂತ ಕೇಳುತ್ತಾನೆ. ಆ ಹೊತ್ತಿಗೆ ಅವನ ಪಕ್ಕದಲ್ಲಿ ಒಂದು ದೆವ್ವವೂ ಇಲ್ಲ. ಬಾಗಿಲು ತಟ್ಟುವ ಕೆಲಸ ಬದುಕಿದ್ದವನದೇ. (ಅಲ್ಲಿನ ದೆವ್ವಗಳೂ ಉಪದೇಶ ಮಾಡುತ್ತವಲ್ಲ ಎಂದರೆ, ಮಾಡುತ್ತವೆ. ಡಿಕನ್ಸ್‌ಗೆ ದಕ್ಕಿತು. ನಾವು ಆ ಸಾಹಸಕ್ಕೆ ಕೈ ಹಾಕದಿರುವುದು ಒಳ್ಳೆಯದು.)

ನಗು ಎಲ್ಲಿಂದ ಬರಬೇಕು ಎನ್ನುವುದಕ್ಕೂ ಅಲ್ಲೇ ಸುಳಿವಿದೆ. ಸತ್ತು ಏಳು ವರ್ಷವಾದ ಪಾಲುದಾರ ಸರಪಳಿ ಎಳೆದುಕೊಂಡು ಬಂದು ನಿಂತಾಗ ಜಿಪುಣನಿಗೆ ಬರುವ ಅನುಮಾನವೇನು ಗೊತ್ತೇ? ಆಚೆ ಬದಿ ಕಾಣುವಷ್ಟು ತೆಳ್ಳಗಿರುವ ಇವನಿಗೆ ಕುರ್ಚಿಯಲ್ಲಿ ಕೂರಲು ಆಗುತ್ತದೋ ಇಲ್ಲವೋ! ಇಂಥ ಕಥೆಯಲ್ಲಿ ದೆವ್ವ ತಮಾಷೆ ಮಾಡಬೇಕಾಗಿಲ್ಲ. ಅದು ಗಂಭೀರವಾಗಿಯೇ ಇರಲಿ, ಮನೆಯವರು ಮನೆಯವರ ಹಾಗೇ ವರ್ತಿಸಲಿ. ಒಬ್ಬರು ಚಾಪೆ ಹಾಸುತ್ತಾರೆ, ಒಬ್ಬರು ಪುರಾವೆ ಕೇಳುತ್ತಾರೆ, ಇನ್ನೊಬ್ಬರಿಗೆ ಕಡೆಗೂ ತಮ್ಮ ದೂರು ಕೇಳಲು ಒಂದು ಕಿವಿ ಸಿಕ್ಕಿತೆಂಬ ಸಮಾಧಾನ. ಆಸ್ಕರ್ ವೈಲ್ಡ್ 1887ರಲ್ಲಿ ಬರೆದ 'ದಿ ಕ್ಯಾಂಟರ್‌ವಿಲ್ ಗೋಸ್ಟ್' ಕಥೆಯಲ್ಲಿ ಮನೆಯ ಯಜಮಾನ ದೆವ್ವದ ಮುಂದೆ ಎಣ್ಣೆ ಬಾಟಲಿ ಹಿಡಿದು, ದಯವಿಟ್ಟು ಸರಪಳಿಗೆ ಹಾಕಿಕೊಳ್ಳಿ, ಸದ್ದಿಗೆ ನಿದ್ದೆ ಬರುತ್ತಿಲ್ಲ ಎನ್ನುತ್ತಾನೆ. ಪಾಪ, ಮುನ್ನೂರು ವರ್ಷದ ಅನುಭವವಿರುವ ದೆವ್ವ! ಅದಕ್ಕಾದ ಅವಮಾನ ನೋಡಿ ನಗುತ್ತೇವೆ. ನಕ್ಕ ಮೇಲೆ ಅದರ ಮೇಲೆ ಕನಿಕರ ಬರುತ್ತದೆ. ಆ ಕನಿಕರ ಬಂದಿತೆಂದರೆ ದೆವ್ವ ಜೋಕರ್ ಆಗುವ ಭಯವಿಲ್ಲ.

ಇಷ್ಟು ಹೇಳಿ ಬಿಟ್ಟರೆ ನಿಮಗೆ ಉಪಯೋಗವಿಲ್ಲ. ನಿಮ್ಮ ಅಕ್ಕ-ತಮ್ಮನನ್ನೇ ಇಟ್ಟುಕೊಂಡು ನಾನಾದರೆ ಹೇಗೆ ಕಟ್ಟುತ್ತಿದ್ದೆ ಅಂತ ಹೇಳುತ್ತೇನೆ. ಬೇಕಾದ್ದು ತೆಗೆದುಕೊಳ್ಳಿ.

ಅಮ್ಮ ತೀರಿಕೊಂಡ ಮೇಲೆ ಮನೆ ಸಾಮಾನು ಹಂಚಿಕೊಳ್ಳುವಾಗ ಇಬ್ಬರೂ ಹಟಕ್ಕೆ ಬಿದ್ದು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ, ಗೊಂಬೆಗಳನ್ನೂ ಪಾಲು ಮಾಡಿಕೊಂಡಿದ್ದಾರೆ. ತಮ್ಮನ ಮನೆಯಲ್ಲಿ ಜೋಸೆಫ, ಕುರಿಗಳು, ಮಗುವನ್ನು ನೋಡಲು ಬಂದ ಮೂವರು ರಾಯರಲ್ಲಿ ಇಬ್ಬರು. ಅಕ್ಕನ ಮನೆಯಲ್ಲಿ ಮರಿಯಮ್ಮ, ಬಾಲಯೇಸು, ಮೂರನೆಯ ರಾಯ, ಒಂಟೆ. ತಮ್ಮ ಇಷ್ಟು ವರ್ಷ ಮರಿಯಮ್ಮನ ಜಾಗದಲ್ಲಿ ಚೆಸ್ಸಿನ ರಾಣಿಯನ್ನು ನಿಲ್ಲಿಸಿ ಹಬ್ಬ ಮಾಡಿದ್ದಾನೆ. ಈ ಒಂದು ಚಿತ್ರ ಸಾಕು. ಜಗಳ ಎಷ್ಟು ದೂರ ಹೋಗಿದೆ ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ದೆವ್ವ ದೊಡ್ಡಮ್ಮನದು. ಅಮ್ಮನನ್ನೇ ದೆವ್ವ ಮಾಡಬೇಡಿ, ದುಃಖ ತೀರ ಹತ್ತಿರವಾಗಿ ನಗು ಸತ್ತುಹೋಗುತ್ತದೆ. ಬದುಕಿದ್ದಷ್ಟು ಕಾಲ ವರ್ಷವರ್ಷವೂ ಗೋದಲಿ ಜೋಡಿಸಿದವರು ದೊಡ್ಡಮ್ಮ, ಹಬ್ಬ ಮುಗಿದ ಮೇಲೆ ಎಣಿಸಿ ಪೆಟ್ಟಿಗೆಗೆ ಹಾಕಿದವರೂ ಅವರೇ. ಈಗ ಎಣಿಕೆ ತಾಳೆಯಾಗುತ್ತಿಲ್ಲ. ರಾತ್ರಿ ಎರಡು ಗಂಟೆಗೆ ತಮ್ಮನ ನಡುಮನೆಯಿಂದ ದನಿ ಕೇಳುತ್ತದೆ: "ಕುರಿ ಒಂದು, ಕುರಿ ಎರಡು, ಕುರಿ ಮೂರು… ಒಂಟೆ ಎಲ್ಲಿ?" ಮತ್ತೆ ಮೊದಲಿಂದ ಶುರು. ನಾನಾದರೆ ಅವರಿಗೆ ಒಂದೇ ಒಂದು ಶಕ್ತಿ ಕೊಡುತ್ತೇನೆ: ಬದುಕಿದ್ದಾಗ ತಾವು ಒರೆಸಿಟ್ಟ ಸಾಮಾನನ್ನು ಮಾತ್ರ ಮುಟ್ಟಬಲ್ಲರು. ಹೊಸ ಟೀವಿಯ ಮೂಲಕ ಹಾದುಹೋಗುತ್ತಾರೆ, ಹಳೆಯ ಬೀರುವಿಗೆ ಡಿಕ್ಕಿ ಹೊಡೆಯುತ್ತಾರೆ. ನಿಯಮ ಒಂದೇ ಇದ್ದರೆ ತಮಾಷೆ ತಾನಾಗಿ ಹುಟ್ಟುತ್ತದೆ. ಹತ್ತು ಶಕ್ತಿ ಕೊಟ್ಟರೆ ಓದುಗ ಯಾವುದಕ್ಕೂ ಬೆರಗಾಗುವುದಿಲ್ಲ.

ಕ್ರಿಸ್‌ಮಸ್‌ಗೆ ಒಂದು ದಿನ ಮುಂಚೆ ತಮ್ಮ ಉಪಾಯ ಮಾಡಿ ಅಂಗಡಿಯಿಂದ ಹೊಸ ಒಂಟೆ ತಂದಿಡುತ್ತಾನೆ. ದೊಡ್ಡಮ್ಮ ಅದನ್ನು ಎಣಿಸುವುದೇ ಇಲ್ಲ. ಬೇರೆ ದಾರಿ ಕಾಣದೆ, ವರ್ಷಗಳ ನಂತರ ಅಕ್ಕನಿಗೆ ಫೋನು ಮಾಡುತ್ತಾನೆ.

"ಅಕ್ಕಾ, ನಿನ್ನ ಹತ್ರ ಒಂಟೆ ಇದೆಯಾ?"

"…ಎಷ್ಟು ಕುಡಿದಿದ್ದೀಯ?"

"ಕುಡಿದಿಲ್ಲ. ದೊಡ್ಡಮ್ಮ ಬಂದಿದ್ದಾರೆ."

"ದೊಡ್ಡಮ್ಮ ಸತ್ತು ಆರು ವರ್ಷ ಆಯ್ತು."

"ಅದನ್ನ ನೀನೇ ಬಂದು ಅವರಿಗೆ ಹೇಳು. ನಾನು ಮಲಗಿ ನಾಲ್ಕು ದಿನ ಆಯ್ತು."

ಮುನಿಸಿಕೊಂಡವರು ಮತ್ತೆ ಮಾತಾಡಲು ಶುರುಮಾಡುವಾಗ ಮೊದಲ ಮಾತು "ನನ್ನನ್ನು ಕ್ಷಮಿಸು" ಆಗಿರುವುದಿಲ್ಲ, ಇಂಥದ್ದೇ ಏನೋ ಕೆಲಸದ ಮಾತಾಗಿರುತ್ತದೆ. ಕೀಲಿಕೈ ಎಲ್ಲಿದೆ, ಆ ಡಾಕ್ಟರ ನಂಬರ್ ಏನು, ಹೀಗೆ. ನಿಮ್ಮ ಕಥೆಗೂ ಅಂಥದ್ದೊಂದು ನೆಪ ಹುಡುಕಿ. ನೆಪ ಎಷ್ಟು ಅಸಂಬದ್ಧವೋ ಅಷ್ಟು ಒಳ್ಳೆಯದು.

ಅಕ್ಕ ಗಂಡನ ಜೊತೆ, ಒಂಟೆಯನ್ನೂ ತನ್ನ ಪಾಲಿನ ಉಳಿದ ಗೊಂಬೆಗಳನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾಳೆ. ಇಲ್ಲಿ ಸ್ವಲ್ಪ ನಿಧಾನಿಸಿ, ಇದೇ ಕಥೆಯ ಮಜದ ಜಾಗ. ಎದುರುಬದುರು ಕೂತರೂ ಇಬ್ಬರೂ ನೇರ ಮಾತಾಡುವುದಿಲ್ಲ, ದೆವ್ವವನ್ನು ಮಧ್ಯೆ ಇಟ್ಟುಕೊಳ್ಳುತ್ತಾರೆ. "ದೊಡ್ಡಮ್ಮ, ಒಂಟೆ ಕಾಲು ಮುರಿದಿದ್ದು ಅವನೇ ಅಂತ ಅವನಿಗೆ ಹೇಳಿ." "ದೊಡ್ಡಮ್ಮ, ಏಟು ತಿಂದಿದ್ದು ನಾನು, ಮುರಿದಿದ್ದು ಅವಳು, ಹೇಳಿ." ದೊಡ್ಡಮ್ಮನಿಗೆ ರೇಗುತ್ತದೆ: "ಬದುಕಿದ್ದಾಗಲೂ ನನ್ನ ಕೈಲಿ ಇದೇ ಚಾಕರಿ ಮಾಡಿಸಿದ್ರಿ. ಸತ್ತ ಮೇಲೂ ರಜ ಇಲ್ವಾ?" ಭಾವನಿಗೂ ಒಂದು ಪಾತ್ರ ಕೊಡಿ. ಎಲ್ಲ ಬಲ್ಲವನು, ಯಾವಾಗ ಬಾಯಿ ಮುಚ್ಚಬೇಕೆಂಬುದೊಂದನ್ನು ಬಿಟ್ಟು. ಬೈಬಲಿನ ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಒಂಟೆಯ ಸುದ್ದಿಯೇ ಇಲ್ಲ, ಬಂದ ಜ್ಞಾನಿಗಳು (ನಮ್ಮ ರಾಯರು) ಮೂವರು ಎಂದೂ ಬರೆದಿಲ್ಲ, 1223ರಲ್ಲಿ ಸಂತ ಅಸ್ಸೀಸಿಯ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ ಮಾಡಿದಾಗ ತರಿಸಿದ್ದು ಎತ್ತು ಮತ್ತು ಕತ್ತೆ, ಹಾಗಾಗಿ ಈ ಜಗಳಕ್ಕೆ ಆಧಾರವೇ ಇಲ್ಲ ಅಂತ ಅವನ ವಾದ. ಹೇಳಿದ್ದೆಲ್ಲ ನಿಜ. ಅಕ್ಕ-ತಮ್ಮ ಇಬ್ಬರೂ ಒಟ್ಟಿಗೆ ತಿರುಗಿ "ನೀವು ಸುಮ್ಮನಿರಿ" ಎನ್ನುತ್ತಾರೆ. ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೇ ಮೊದಲು. ಅದನ್ನು ನೀವು ಎತ್ತಿ ತೋರಿಸಬೇಡಿ, ಓದುಗ ಗಮನಿಸುತ್ತಾನೆ.

ಇನ್ನು ದೊಡ್ಡಮ್ಮನ ಗುಟ್ಟು. ಕಾಲು ಮುರಿದದ್ದು ಅವರೇ, ಧೂಳು ಒರೆಸುವಾಗ. ಗೋಂದು ಹಚ್ಚಿ ನಿಲ್ಲಿಸಿ ಸುಮ್ಮನಾಗಿಬಿಟ್ಟಿದ್ದರು. ಮಾರನೆಯ ದಿನ ಮಕ್ಕಳಿಗೆ ಬೈಗುಳ, ಏಟು ಬೀಳುವಾಗಲೂ ಬಾಯಿ ಬಿಡಲಿಲ್ಲ. ಅವರು ಅಂಟಿಕೊಂಡಿರುವುದು ಇದಕ್ಕೇ. ಎಣಿಕೆಯೆಲ್ಲ ನೆಪ, ಒಂಟೆ ಕೈಗೆ ಬಂದರೆ ಹೇಳಿಬಿಡೋಣ ಅಂತ ಕಾದಿದ್ದಾರೆ. ಉಪದೇಶ ಮಾಡಬೇಕಾದ ಸ್ಥಾನದಲ್ಲಿರುವ ದೆವ್ವವೇ ತಪ್ಪಿತಸ್ಥೆ ಆಗಿಬಿಟ್ಟರೆ ಉಪದೇಶದ ಬಾಯಿ ತಾನಾಗಿ ಮುಚ್ಚುತ್ತದೆ. ನಿಮ್ಮ ತೊಂದರೆಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಇಷ್ಟಾದರೂ ಬಗೆಹರಿದದ್ದು ಒಂಟೆಯ ವಿಷಯ ಮಾತ್ರ. ಅಕ್ಕ-ತಮ್ಮನ ನಿಜವಾದ ಜಗಳ ಅಮ್ಮನ ಕೊನೆಯ ದಿನಗಳದು. ನೋಡಿಕೊಂಡವಳು ಅಕ್ಕ, ತಮ್ಮ ಬಂದದ್ದು ಮಣ್ಣಿಗೆ. ಇದನ್ನು ಕಥೆಯ ಆರಂಭದಲ್ಲೇ ಹೇಳಿಬಿಡಬೇಡಿ. ಎಲ್ಲರೂ ನಕ್ಕು ಸುಸ್ತಾದ ಮೇಲೆ, ಗೊಂಬೆ ಜೋಡಿಸುತ್ತ, ಅಕ್ಕನ ಮುಖ ನೋಡದೆ ತಮ್ಮ ಕೇಳಲಿ: "ಅಮ್ಮ ರಾತ್ರಿ ನಿದ್ದೆ ಮಾಡ್ತಿದ್ಳಾ?" ಇಷ್ಟು ವರ್ಷ ಅವನು ಕೇಳದೇ ಉಳಿದ ಪ್ರಶ್ನೆ ಅದು. ಅಕ್ಕ ಉತ್ತರ ಕೊಡಲಿ, ಉದ್ದಕ್ಕೆ, ಸಣ್ಣಸಣ್ಣ ವಿವರದ ಸಮೇತ. ಅವನು ಕೇಳಿಸಿಕೊಳ್ಳಲಿ. ಕ್ಷಮೆ ಎಂಬ ಮಾತೇ ಬೇಡ, ಅಪ್ಪಿಕೊಂಡು ಅಳುವುದೂ ಬೇಡ. ಆ ಹೊತ್ತಿನಲ್ಲಿ ದೊಡ್ಡಮ್ಮ ಎಲ್ಲಿದ್ದಾರೆ? ಮೂಲೆಯಲ್ಲಿ ಕುರಿ ಎಣಿಸುತ್ತಿದ್ದಾರೆ, ಇವರ ಮಾತಿನಿಂದ ಲೆಕ್ಕ ತಪ್ಪಿತೆಂದು ಗೊಣಗುತ್ತ. ಕಣ್ಣೀರಿನ ಸನ್ನಿವೇಶಕ್ಕೆ ಇಂಥದ್ದೊಂದು ಗೊಣಗಾಟ ಉಪ್ಪಿನ ಹಾಗೆ: ಚಿಟಿಕೆಯಷ್ಟು ಇದ್ದರೆ ಸಾಕು, ಇಲ್ಲದಿದ್ದರೆ ಬಾಯಿಗಿಡಲಾಗದು.

ಒಂದು ಎಚ್ಚರ. ಎಲ್ಲ ಜಗಳವೂ ಈ ಬಗೆಯ ಕಥೆಗೆ ಒಗ್ಗುವುದಿಲ್ಲ. ಹೊಡೆತ-ಬಡಿತ, ಮೋಸ, ಕೋರ್ಟು ಕಟ್ಟೆ ಹತ್ತಿದ ಆಸ್ತಿ ವ್ಯಾಜ್ಯ ಇರುವ ಮನೆಯಿಂದ ದೂರ ಉಳಿದವರು ಎಷ್ಟೋ ಸಲ ಸರಿಯಾದ್ದನ್ನೇ ಮಾಡಿರುತ್ತಾರೆ. ಹಬ್ಬದ ನೆಪದಲ್ಲಿ ಅವರನ್ನು ಎಳೆತಂದು ಕೂರಿಸಿದರೆ ನಗು ಕಹಿಯಾಗುತ್ತದೆ. ಎರಡು ಕಡೆಯೂ ಒಂದಿಷ್ಟು ನ್ಯಾಯ, ಒಂದಿಷ್ಟು ಮೊಂಡುತನ ಇರುವ ಜಗಳವನ್ನೇ ಆರಿಸಿಕೊಳ್ಳಿ.

ಕ್ರಿಸ್‌ಮಸ್ ಎಂಬ ಹಿನ್ನೆಲೆಯನ್ನೂ ಬರೀ ಅಲಂಕಾರಕ್ಕೆ ಇಡಬೇಡಿ. ನಕ್ಷತ್ರ, ಮರ, ದೀಪ ಇವನ್ನು ವರ್ಣಿಸಲು ಒಂದು ವಾಕ್ಯ ಸಾಕು. ಹಬ್ಬದಿಂದ ನಿಮಗೆ ಸಿಗುವ ದೊಡ್ಡ ಲಾಭ ಗಡುವು. ಬೆಳಗಾಗುವುದರೊಳಗೆ ಗೋದಲಿ ತುಂಬಬೇಕು, ನಡುರಾತ್ರಿಯ ಪೂಜೆಗೆ ಹೊರಡಬೇಕು, ದೊಡ್ಡಮ್ಮ ಬಿಡುತ್ತಿಲ್ಲ. ಗಡಿಯಾರ ಓಡುತ್ತಿದ್ದರೆ ಮುನಿಸು ಕಾಯ್ದುಕೊಳ್ಳಲು ಪುರುಸೊತ್ತಿರುವುದಿಲ್ಲ.

ಮುಕ್ತಿಯ ವಿಚಾರಕ್ಕೆ ಬಂದರೆ, ಕೊಡಿಸಲೇಬೇಕೆಂದೇನೂ ಇಲ್ಲ. ಬಿಳಿ ಬೆಳಕಿನಲ್ಲಿ ಕೈ ಬೀಸುತ್ತ ಕರಗಿಹೋಗುವ ದೆವ್ವವನ್ನು ಓದುಗರು ಸಾಕಷ್ಟು ನೋಡಿದ್ದಾರೆ. ನನ್ನ ದೊಡ್ಡಮ್ಮನಿಗೆ ಎಣಿಕೆ ತಾಳೆಯಾಗುತ್ತದೆ, ಆದರೆ ಗೊಂಬೆ ಎಲ್ಲಿರುತ್ತವೋ ಅವರೂ ಅಲ್ಲೇ. ಈಗ ಗೋದಲಿ ಒಂದಾಗಿದೆ, ಇನ್ನು ಅದು ಯಾರ ಮನೆಯಲ್ಲಿರಬೇಕು? "ಮುಂದಿನ ವರ್ಷ ನಿನ್ನ ಮನೆಗೇ ಕರ್ಕೊಂಡು ಹೋಗು." "ನಾನ್ಯಾಕೆ, ನೀನು ತಾನೆ ಅವರ ಮುದ್ದಿನ ಹುಡುಗ." ಹಿಂದಿನ ಸಲ ಗೊಂಬೆ ನನಗೆ ಬೇಕು ಅಂತ ಕಿತ್ತಾಡಿದವರು ಈ ಸಲ ನಿನಗೇ ಇರಲಿ ಅಂತ ಕಿತ್ತಾಡುತ್ತಿದ್ದಾರೆ, ಅದೂ ಮಧ್ಯಸ್ಥರಿಲ್ಲದೆ. ದೊಡ್ಡಮ್ಮ ಅದನ್ನು ಕೇಳಿ ಮುನಿಸಿಕೊಂಡರೆ ಇನ್ನೂ ಒಳ್ಳೆಯದು, ಕಥೆಯನ್ನು ಅಲ್ಲೇ ನಿಲ್ಲಿಸಬಹುದು.

ಬರೆದು ಮುಗಿಸಿದ ಮೇಲೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ ನೋಡಿ. ಉದ್ದವಾಯಿತು ಅನ್ನಿಸಿದರೆ ಮೊದಲು ಭಾವನ ಮಾತು ಕತ್ತರಿಸಿ, ಆಮೇಲೆ ನಕ್ಷತ್ರ-ದೀಪದ ವರ್ಣನೆ. ಕುರಿ ಎಣಿಸುವುದನ್ನು ಮಾತ್ರ ಮುಟ್ಟಬೇಡಿ.