ಕೆಂಪು ಬಟ್ಟೆಯ ಮೇಲಿನ ಬಿಳಿ ಅಕ್ಷರ ಗುಲಾಬಿ ಆಗಿದ್ದೇಕೆ?

ಓದುಗರ ಪ್ರಶ್ನೆಗಳು: ಟೀ ಶರ್ಟ್ ಮುದ್ರಣ

ಪ್ರ: ರಾಜ್ಯೋತ್ಸವಕ್ಕೆಂದು ಕೆಂಪು ಟೀ ಶರ್ಟ್‌ಗಳ ಮೇಲೆ ಬಿಳಿ ಅಕ್ಷರದ ಡಿಟಿಎಫ್ (ಫಿಲ್ಮ್ ಮೇಲೆ ಮುದ್ರಿಸಿ, ಅಂಟಿನ ಪೌಡರ್ ಕರಗಿಸಿ, ಬಿಸಿ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತುವ ಪ್ರಿಂಟ್) ಹಾಕಿದೆ. ಪ್ರೆಸ್‌ನಿಂದ ತೆಗೆದಾಗ ಹಾಲಿನಂತಿತ್ತು, ಎರಡು ದಿನ ಬಿಟ್ಟು ನೋಡಿದರೆ ಗುಲಾಬಿ. ಇಂಕ್ ಕಳಪೆಯೇ? (ದಾವಣಗೆರೆ)

ಉ: ಇಂಕನ್ನು ಬೈಯುವ ಮೊದಲು ಬಟ್ಟೆ ನೋಡಿ. ಅದು ಪಾಲಿಯೆಸ್ಟರ್ ಅಥವಾ ಮಿಕ್ಸ್ ಇರಬೇಕು. ಪಾಲಿಯೆಸ್ಟರಿಗೆ ಹಾಕುವ ಬಣ್ಣ ಬಿಸಿ ಏರಿದರೆ ಆವಿಯಾಗುತ್ತದೆ. 160 ಡಿಗ್ರಿಯಲ್ಲಿ ಒತ್ತಿದಾಗ ಅದು ನೂಲಿನಿಂದ ಕದಲಿ, ಅಂಟಿನ ಪದರ ದಾಟಿ ಬಿಳಿಗೆ ಸೇರುತ್ತದೆ. ಈ ಕೆಲಸ ನಿಧಾನ, ಹಾಗಾಗಿ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಕೆಂಪು, ಮರೂನ್ ಬಟ್ಟೆಗಳದ್ದೇ ಹೆಚ್ಚಿನ ಕಾಟ. ಅಕ್ಷರ ಹಳದಿಯಾಗಿದ್ದರೆ ಕಿತ್ತಳೆಗೆ ತಿರುಗುತ್ತಿತ್ತು.

ಲೇಬಲ್ ನಂಬಬೇಡಿ. ಬಟ್ಟೆಯ ಅಂಚಿನಿಂದ ಒಂದೆಳೆ ಕಿತ್ತು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆ ದಾರ ಮಾತ್ರ ಸುಡಬೇಡಿ, ಕಾಟನ್ ಶರ್ಟ್‌ನಲ್ಲೂ ಅದು ಪಾಲಿಯೆಸ್ಟರ್ ಇರುವುದುಂಟು.

ಪಾಲಿಯೆಸ್ಟರಿಗೇ ಹಾಕಬೇಕೆಂದಾದರೆ ಕಡಿಮೆ ಬಿಸಿಗೆ ಕರಗುವ ಪೌಡರ್ ತಂದು 120-130 ಡಿಗ್ರಿಯಲ್ಲಿ ಒತ್ತಿ. ಬಣ್ಣ ತಡೆಯುವ ಕಪ್ಪು ಪೌಡರ್ ಕೂಡ ಸಿಗುತ್ತದೆ. ಬಿಸಿ ಶರ್ಟ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ರಾಶಿಯೊಳಗೆ ಶಾಖ ಉಳಿದು ಬಣ್ಣ ಏಳುತ್ತಲೇ ಇರುತ್ತದೆ.

ಪ್ರ: ಮನೆಯಲ್ಲಿ ಸರಿ ಕಾಣುವ ಕನ್ನಡ ಅಕ್ಷರ ಪ್ರಿಂಟ್ ಅಂಗಡಿಯಲ್ಲಿ ಕೆಡುತ್ತದೆ. ಯಾಕೆ? (ಹಾಸನ)

ಉ: ಹೇಗೆ ಕೆಟ್ಟಿದೆ ನೋಡಿದರೆ ಕಾರಣ ತಿಳಿಯುತ್ತದೆ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ನೀವು ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ, ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ. ಒತ್ತಕ್ಷರ ಬಿಡಿಸಿಕೊಂಡು ‘ಕನ್ನಡ’ ಹೋಗಿ ‘ಕನ್‌ನಡ’ ಆಗಿದ್ದರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ), ಸಾಫ್ಟ್‌ವೇರ್‌ಗೆ ಅಕ್ಷರ ಕೂಡಿಸಲು ಬರುತ್ತಿಲ್ಲ. ಹಳೆಯ ಆವೃತ್ತಿಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ, ಹೊಸ ಫೈಲ್ ತೆರೆದು ಟೈಪ್ ಮಾಡಿ.

ಎರಡಕ್ಕೂ ಮದ್ದು ಒಂದೇ: ಕಳಿಸುವ ಮೊದಲು ಅಕ್ಷರವನ್ನು ಆಕಾರವಾಗಿ ಬದಲಿಸುವುದು. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಆಯಿತು. ಆಮೇಲೆ ಕಾಗುಣಿತ ತಿದ್ದಲಾಗದು, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಒತ್ತಕ್ಷರ, ಅರ್ಕಾವತ್ತುಗಳ ಗೆರೆ 1 ಮಿಮೀಗಿಂತ ಸಪೂರವಾಗದಿರಲಿ. ಕೂದಲೆಳೆಯಂಥ ಗೆರೆಗೆ ಅಂಟಿನ ಪುಡಿ ಸಾಕಷ್ಟು ಹಿಡಿಯದೆ, ಮೊದಲು ಉದುರುವುದು ಒತ್ತೇ.

ಚಿತ್ರವಿದ್ದರೆ 11 ಇಂಚು ಅಗಲಕ್ಕೆ 3300 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರ: ಮಳೆಗಾಲದಲ್ಲಿ ಮಾಡಿದ ಪ್ರಿಂಟ್ ಎರಡೇ ಒಗೆತಕ್ಕೆ ಅಂಚು ಬಿಡುತ್ತಿದೆ. (ಪುತ್ತೂರು)

ಉ: ತೇವದ ಮೇಲೆ ಮೊದಲ ಅನುಮಾನ. ಶರ್ಟನ್ನು 5 ಸೆಕೆಂಡ್ ಬರಿದೇ ಒತ್ತಿ, ಏಳುವ ಹಬೆ ಹೋದಮೇಲೆ ಫಿಲ್ಮ್ ಇಡಿ. ಪೌಡರ್ ಡಬ್ಬಿಗೆ ಬಿಗಿ ಮುಚ್ಚಳ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ; ಪುಡಿ ಗಂಟುಕಟ್ಟಿದರೆ ಸಮನಾಗಿ ಹರಡುವುದಿಲ್ಲ.

ಎರಡನೆಯದು ಪುಡಿ ಪೂರ್ತಿ ಕರಗದಿರುವುದು. 110-120 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಬಿಸಿಮಾಡಿದ ಮೇಲೆ ಫಿಲ್ಮ್ ಓರೆಯಾಗಿ ಹಿಡಿದು ನೋಡಿ. ಸಕ್ಕರೆ ಉದುರಿಸಿದಂತಿದ್ದರೆ ಹಸಿ, ಒದ್ದೆಯಾದಂತೆ ಹೊಳೆಯಬೇಕು. ನಂತರ ಕಾಟನ್ ಮೇಲೆ 150-160 ಡಿಗ್ರಿ, 15 ಸೆಕೆಂಡ್. ತಣ್ಣಗಾದ ಮೇಲೆ ಸುಲಿಯಬೇಕಾದ ಫಿಲ್ಮನ್ನು ಬಿಸಿಯಲ್ಲೇ ಎಳೆದರೂ ಅಂಚು ಏಳುತ್ತದೆ. ಸುಲಿದಾದ ಮೇಲೆ ಟೆಫ್ಲಾನ್ ಹಾಳೆ ಹಾಸಿ ಇನ್ನೊಮ್ಮೆ 10 ಸೆಕೆಂಡ್ ಒತ್ತಿ. ಅವಸರದಲ್ಲಿ ಬಿಟ್ಟುಹೋಗುವುದು ಇದೇ.

ಪ್ರ: ಸಬ್ಲಿಮೇಷನ್ ಪ್ರಿಂಟ್ ಕಾಟನ್‌ಗೆ ಹಾಕಬಹುದೇ? (ವಿಜಯಪುರ)

ಉ: ಬೇಡ. ಬಿಸಿಗೆ ಆವಿಯಾಗುವ ಆ ಬಣ್ಣ ಕೂರುವುದು ಪಾಲಿಯೆಸ್ಟರ್ ನೂಲಿನೊಳಗೆ. ಹತ್ತಿಯಲ್ಲಿ ನಿಲ್ಲದೆ ಒಗೆದಾಗ ಮಾಸಿಹೋಗುತ್ತದೆ. ಬಿಳಿ ಇಂಕ್ ಕೂಡ ಅದರಲ್ಲಿಲ್ಲ, ಹಾಗಾಗಿ ಪಾಲಿಯೆಸ್ಟರ್ ಆದರೂ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಯೇ ಬೇಕು.