ಆಟ ಯಾವಾಗ ಬಿಡಬೇಕು ಅಂತ ಕೇಳಿದ ಸಿರುಗುಪ್ಪದ ಅಣ್ಣನಿಗೆ

ಅಣ್ಣಾ, 41ರಲ್ಲೂ ಟೆನಿಸ್ ಬಾಲ್ ಟೂರ್ನಿಯಲ್ಲಿ ಫಾಸ್ಟ್ ಬೌಲಿಂಗ್ ಮಾಡಬೇಕಾ, ಬಿಡಬೇಕಾ ಅಂತ ಕೇಳಿದ್ದೀರಿ. ಭಾನುವಾರ ಆಡಿದ ನೋವು ಬುಧವಾರವೂ ಇದೆಯಾ? ಹಾಗಿದ್ದರೆ ಯೋಚನೆ ಮಾಡಿ. ನಾನು 38ಕ್ಕೇ ಬಿಟ್ಟೆ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಸುಲಭದ ಕ್ಯಾಚ್ ಕೈಬಿಟ್ಟೆ. ಹುಡುಗರು ಬೈಯಲಿಲ್ಲ, ಸುಮ್ನೆ ನಕ್ಕರು. ಅದೇ ಜಾಸ್ತಿ ಚುಚ್ಚಿತು.

ನಾನು ಬೇಸ್‌ಬಾಲ್ ಕೂಡ ನೋಡುತ್ತೇನೆ (ನಮ್ಮೂರಲ್ಲಿ ಅದರ ಬಗ್ಗೆ ಮಾತಾಡಲು ಯಾರೂ ಸಿಗಲ್ಲ ಬಿಡಿ). ಅಮೆರಿಕದ ಬೇಸ್‌ಬಾಲ್ ಆಟಗಾರ ಮೈಕ್ ಶ್ಮಿಟ್ 1989ರ ಮೇ ತಿಂಗಳಲ್ಲಿ, ಸೀಸನ್ ನಡುವೆಯೇ, ಅಳುತ್ತಾ ನಿವೃತ್ತಿ ಹೇಳಿದರು. ಆಲ್ಬರ್ಟ್ ಪೂಹೋಲ್ಸ್ 2022ರಲ್ಲಿ, 42ನೇ ವಯಸ್ಸಿನಲ್ಲಿ, 24 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು ಒಟ್ಟು 703ಕ್ಕೆ ಮುಗಿಸಿದರು. ಆದರೆ ಅವರು ಹೆಚ್ಚಾಗಿ ಬರೀ ಬ್ಯಾಟಿಂಗ್‌ಗೆ ಇಳಿಯುತ್ತಿದ್ದರು. ಫೀಲ್ಡಿಂಗ್ ಮಾಡದ ಬ್ಯಾಟರ್‌ಗೆ ಅಲ್ಲಿ ಜಾಗವಿದೆ. ನಮ್ಮ ಟೂರ್ನಿಯಲ್ಲಿ ಅದಿಲ್ಲ ಅಲ್ವಾ? ಚೆಂಡು ಹುಡುಕಿಕೊಂಡು ನಮ್ಮ ಹತ್ತಿರವೇ ಬರುತ್ತದೆ.

ಒಂದು ಸೀಸನ್ ಸ್ಪಿನ್ ಹಾಕಿ ನೋಡಿ. ಕ್ಯಾಪ್ಟನ್ ನಿಮ್ಮನ್ನು ಫೈನ್ ಲೆಗ್‌ನಲ್ಲಿ ಬಚ್ಚಿಡಲು ಶುರು ಮಾಡಿದರೆ, ಆ ಟೂರ್ನಿ ಮುಗಿಸಿ ಅಂಪೈರ್ ಕೋಟು ಹಾಕಿಕೊಳ್ಳಿ. ಜಗಳವಾಡದ ಅಂಪೈರ್ ನಮ್ಮ ಕಡೆ ಸಿಗುವುದೇ ಕಷ್ಟ.