ಕಾರು ಮುರಿದರೆ ಮುರಿಯಲಿ ಬಿಡಿ

ಬಸವನಗುಡಿಯ ಓದುಗರೊಬ್ಬರ ಪತ್ರ: ‘2020ರ ಬಹರೇನ್ ಎಫ್-1 ರೇಸಿನ ವಿಡಿಯೊ ಈಗ ನೋಡಿದೆ. ಕಾರು ಎರಡು ತುಂಡಾಗಿ ಧಗಧಗ ಉರಿಯಿತು. ನಮ್ಮಪ್ಪನ ಕಾಲದ ದಪ್ಪ ತಗಡಿನ ಕಾರು ಹೀಗೆ ಮುರಿಯುತ್ತಿತ್ತೇ? ಡ್ರೈವರ್ ಬದುಕಿದ್ದು ಅದೃಷ್ಟವಲ್ಲದೆ ಇನ್ನೇನು? ಹನ್ನೊಂದು ವರ್ಷದ ಮಗ ಬೇರೆ ಗೋ-ಕಾರ್ಟಿಂಗ್‌ಗೆ ಸೇರಿಸು ಅಂತ ಹಟ ಹಿಡಿದಿದ್ದಾನೆ.’

ಸ್ವಾಮಿ, ನಿಮ್ಮಪ್ಪನ ಕಾರು ಮುರಿಯುತ್ತಿರಲಿಲ್ಲ, ಒಪ್ಪಿದೆ. ಒಳಗೆ ಕೂತವರ ಪಕ್ಕೆಲುಬು ಮುರಿಯುತ್ತಿತ್ತು. ಬೇಸಿಗೆಯಲ್ಲಿ ಕಲಾಸಿಪಾಳ್ಯದ ಕಡೆ ಹೋದರೆ ಲಾರಿಯಿಂದ ಕಲ್ಲಂಗಡಿ ಇಳಿಸುವುದನ್ನು ನೋಡಿ. ಮೇಲಿನವನು ಎಸೆದ ಹಣ್ಣನ್ನು ಕೆಳಗಿನವನು ಎದೆಯೆತ್ತರದಲ್ಲೇ ತಡೆದು ನಿಲ್ಲಿಸುವುದಿಲ್ಲ. ಹಣ್ಣಿನ ಜೊತೆಗೇ ಕೈಯನ್ನೂ ಮೊಣಕಾಲಿನವರೆಗೆ ಇಳಿಸುತ್ತಾನೆ. ಕೈ ಬಿಗಿಹಿಡಿದರೆ ಹಣ್ಣು ಹೋಳು.

ರೇಸ್ ಕಾರಿನ ಮೂತಿ, ಪಕ್ಕೆಗಳು ಪುಡಿಯಾಗುವುದು ಇದೇ ಲೆಕ್ಕದಲ್ಲಿ. ಉಳಿಯಬೇಕಾದ್ದು ಡ್ರೈವರ್ ಕೂತ ಕಾರ್ಬನ್ ಫೈಬರ್ ತೊಟ್ಟಿ ಮಾತ್ರ. ನೀವು ನೋಡಿದ ಡ್ರೈವರ್ ರೊಮೇನ್ ಗ್ರೋಜಾನ್ ಉಕ್ಕಿನ ತಡೆಬೇಲಿಗೆ ಗುದ್ದಿದ್ದು ಗಂಟೆಗೆ 192 ಕಿ.ಮೀ. ವೇಗದಲ್ಲಿ. ಹೊಡೆತ 67 ಜಿ; ಆ ಕ್ಷಣಕ್ಕೆ ಮೈಭಾರ 67 ಪಟ್ಟಾದಂತೆ. ಎಂಜಿನ್ ಭಾಗ ಕಳಚಿ ಈಚೆ ಉಳಿಯಿತು, ತೊಟ್ಟಿ ಬೇಲಿ ಸೀಳಿಕೊಂಡು ಆಚೆ ನುಗ್ಗಿತು.

ಅಲ್ಲಿ ತಲೆ ಉಳಿಸಿದ್ದು ಹ್ಯಾಲೊ; ಡ್ರೈವರ್ ತಲೆಯ ಸುತ್ತ ಬಳಸಿ, ಮುಂದೆ ಒಂದು ಕಂಬದ ಮೇಲೆ ನಿಂತ ಟೈಟಾನಿಯಂ ಬಳೆ. 2018ರಲ್ಲಿ ಅದು ಬಂದಾಗ ‘ಹವಾಯಿ ಚಪ್ಪಲಿಯ ಬಾರು’ ಅಂತ ಗೇಲಿ ಮಾಡಿದವರಲ್ಲಿ ನಾನೂ ಒಬ್ಬ. (ಗ್ರೋಜಾನನೇ ಮೊದಲು ಅದನ್ನು ಒಪ್ಪಿರಲಿಲ್ಲ; ಅಷ್ಟರಮಟ್ಟಿಗೆ ನನಗೆ ಸಮಾಧಾನ.) ಕಣ್ಣೆದುರೇ ಕಂಬ ನೆಟ್ಟರೆ ದಾರಿ ಕಾಣುವುದು ಹೇಗೆ ಎಂಬುದು ನನ್ನ ತಕರಾರು. ಪೆನ್ನೊಂದನ್ನು ಮೂಗಿನ ನೇರಕ್ಕೆ ನೆಟ್ಟಗೆ ಹಿಡಿದು ಎದುರುಮನೆಯ ಗೇಟು ನೋಡಿ. ಪೆನ್ನು ಎರಡಾಗಿ ಮಸುಕಾಗುತ್ತದೆ, ಗೇಟು ಪೂರ್ತಿ ಕಾಣುತ್ತದೆ. ಸುಮಾರು 7 ಕಿಲೊ ತೂಗುವ ಆ ಬಳೆ 12 ಟನ್ ಹೊರೆ ತಾಳುತ್ತದೆ.

ಇನ್ನು ಕತ್ತು. ಬೆಲ್ಟು ಎದೆಯನ್ನು ಹಿಡಿದರೂ ಹೆಲ್ಮೆಟ್ ಹೊತ್ತ ತಲೆ ಮುಂದಕ್ಕೆ ಹಾರುತ್ತದೆ. 1994ರಲ್ಲಿ ಇಟಲಿಯ ಇಮೋಲಾ ಟ್ರ್ಯಾಕಿನಲ್ಲಿ ಎಫ್-1 ಡ್ರೈವರ್ ರೋಲಾಂಡ್ ರಾಟ್ಜನ್‌ಬರ್ಗರ್ ಸತ್ತದ್ದು ತಲೆಬುರುಡೆಯ ಬುಡ ಮುರಿದು. ಹೆಗಲ ಮೇಲೆ ಕೂತು ಹೆಲ್ಮೆಟ್ಟನ್ನು ಕಟ್ಟಿಹಿಡಿಯುವ ‘ಹ್ಯಾನ್ಸ್’ ಎಫ್-1ರಲ್ಲಿ 2003ರಿಂದ ಕಡ್ಡಾಯ.

ಅದೃಷ್ಟ ಇರಲೇ ಇಲ್ಲವೆನ್ನಲಾರೆ. ಡಾಕ್ಟರ ಕಾರು ರೇಸಿನ ಹಿಂದೆಯೇ ಓಡುವುದು ಮೊದಲ ಲ್ಯಾಪಿನಲ್ಲಿ. ಅಪಘಾತವೂ ಮೊದಲ ಲ್ಯಾಪಿನಲ್ಲೇ ಆಯಿತು. ಆದರೆ ಗ್ರೋಜಾನನ ಎಡಗಾಲು ಒಳಗೆ ಸಿಕ್ಕಿಕೊಂಡಿತ್ತು. ಬೂಟನ್ನು ಅಲ್ಲೇ ಬಿಟ್ಟು ಕಾಲೆಳೆದುಕೊಂಡು, 27 ಸೆಕೆಂಡಿನಲ್ಲಿ ಬೆಂಕಿಯಿಂದ ತಾನೇ ಎದ್ದು ಬಂದ. ಕೈ ಸುಟ್ಟವು. ಹಾಗೆ ಎದ್ದು ಬರಲು ತಲೆ, ಕತ್ತು ನೆಟ್ಟಗಿರಬೇಕಿತ್ತು, ಇದ್ದವು. 2019ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಎಫ್-2 (ಎಫ್-1ರ ಕೆಳಗಿನ ಮೆಟ್ಟಿಲು) ರೇಸಿನಲ್ಲಿ ಡ್ರೈವರ್ ಆಂಟ್ವಾನ್ ಹ್ಯೂಬೆರ್ ಮಾತ್ರ ಹ್ಯಾಲೊ ಇದ್ದೂ ಉಳಿಯಲಿಲ್ಲ.

ಮಗನ ವಿಷಯ. ಇಷ್ಟೆಲ್ಲ ಓದಿ ಧೈರ್ಯ ತಂದುಕೊಳ್ಳಬೇಡಿ. ಕಾರ್ಟ್‌ಗೆ ತೊಟ್ಟಿಯೂ ಇಲ್ಲ, ಹ್ಯಾಲೊವೂ ಇಲ್ಲ. ವೇಗ ಕಮ್ಮಿ, ಅಷ್ಟೆ. ದುಡ್ಡು ಕಟ್ಟುವ ಮೊದಲು ಒಂದು ಭಾನುವಾರ ನೀವೇ ಟ್ರ್ಯಾಕಿಗೆ ಹೋಗಿ. ಅಂಚಿನ ಟೈರುಗಳನ್ನು ಒಂದಕ್ಕೊಂದು ಕಟ್ಟಿದ್ದಾರೋ, ಸುಮ್ಮನೆ ಪೇರಿಸಿದ್ದಾರೋ ನೋಡಿ. ಮಗನಿಗೆ ಹೆಲ್ಮೆಟ್ ಹಾಕಿಸಿ, ಪಟ್ಟಿ ಬಿಗಿದು, ಇಲ್ಲ ಅನ್ನುವ ಹಾಗೆ ತಲೆ ಆಡಿಸಲು ಹೇಳಿ. ತಲೆ ತಿರುಗಿಯೂ ಹೆಲ್ಮೆಟ್ ನಿಂತಲ್ಲೇ ನಿಂತರೆ ಚಿಕ್ಕ ಸೈಜು ಕೇಳಿ.

–ಸಂ.